ಒಂದು ಎಡಿಟರು, ಹಲವು ಭಾಷೆಗಳು



ಪ್ರೋಗ್ರಾಮಿಂಗ್ ಭಾಷೆಗಳನ್ನು ಕಲಿಯಹೊರಟ ತರುಣರು ಮೊದಲು ಕೇಳುವುದು, ಯಾವ ಎಡಿಟರಿನಲ್ಲಿ ಬರೆಯಬೇಕು ಎಂದು. ಒಂದೊಂದು ಭಾಷೆಗೆ ಒಂದೊಂದು ಬೇಕೆ, ಎಲ್ಲಕ್ಕೂ ಒಂದೇ ಸಾಕೆ? ಭಾಷೆಯ ಪಾಠ ಹೇಳುವುದರಲ್ಲೇ ಆಯುಷ್ಯ ಕಳೆದ ನನಗೆ ಒಂದೇ ಸಾಕೆಂದು ತೋರುತ್ತದೆ. ಹೊಸ ಭಾಷೆಯೇ ವಿದ್ಯಾರ್ಥಿಗೆ ಸಾಕಷ್ಟು ಹೊರೆ. ಅದರ ಮೇಲೆ ಹೊಸ ಮೆನುಗಳ, ಹೊಸ ಕೀಲಿಗಳ ಅಭ್ಯಾಸವನ್ನೂ ಏಕೆ ಹೇರಬೇಕು?

ಹಿಂದೆ ಇದು ಸುಲಭವಾಗಿರಲಿಲ್ಲ. ಎಡಿಟರುಗಳು 10, ಭಾಷೆಗಳು 10 ಎಂದಾದರೆ, ಪದವನ್ನು ತಾನೇ ಪೂರ್ತಿಗೊಳಿಸುವ, ತಪ್ಪನ್ನು ಎತ್ತಿ ತೋರಿಸುವ ನೆರವಿಗಾಗಿ 100 ಜೋಡಣೆಗಳು ಬೇಕಾಗುತ್ತಿದ್ದವು. 2016ರಲ್ಲಿ ಮೈಕ್ರೋಸಾಫ್ಟ್ ಇತರ ಸಂಸ್ಥೆಗಳೊಡಗೂಡಿ ಪ್ರಕಟಿಸಿದ ‘ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್’ ಎಂಬ ಒಡಂಬಡಿಕೆಯು ಭಾಷಾಜ್ಞಾನವನ್ನು ಎಡಿಟರಿನಿಂದ ಬೇರ್ಪಡಿಸಿತು. ಭಾಷೆಗೊಂದು ಸರ್ವರ್ ಇದ್ದರೆ, ಒಡಂಬಡಿಕೆಯನ್ನು ಬಲ್ಲ ಯಾವ ಎಡಿಟರಾದರೂ ಅದನ್ನೇ ಬಳಸಬಹುದು. 100ರ ಕೆಲಸ 20ಕ್ಕೆ ಇಳಿಯಿತು. ಆದುದರಿಂದ ವಿಎಸ್ ಕೋಡ್, ನಿಯೋವಿಮ್, ಈಮ್ಯಾಕ್ಸ್ ಇವುಗಳಲ್ಲಿ ಯಾವುದನ್ನು ಹಿಡಿದರೂ ಸಿ, ಪೈಥಾನ್, ಜಾವಾಸ್ಕ್ರಿಪ್ಟ್ ಮೂರನ್ನೂ ಕಲಿಯಬಹುದು.

ಆಯ್ಕೆಯಲ್ಲಿ ಬಾಳಿಕೆಯನ್ನೂ ನೋಡಬೇಕು. ಗಿಟ್‌ಹಬ್ ಸಂಸ್ಥೆಯ ‘ಆಟಂ’ 2022ರ ಡಿಸೆಂಬರಿನಲ್ಲಿ ನಿಂತುಹೋಯಿತು. ಬ್ರಾಮ್ ಮೂಲೆನಾರ್ ಅವರು 1991ರಲ್ಲಿ ಹೊರತಂದ ‘ವಿಮ್’, 2023ರಲ್ಲಿ ಅವರು ತೀರಿಕೊಂಡ ಮೇಲೂ ಮುಂದುವರಿದಿದೆ. ಆದರೆ ವಿಮ್‌ನಲ್ಲಿ ಬರೆಯುವ ಸ್ಥಿತಿ ಬೇರೆ, ಆಜ್ಞೆ ಕೊಡುವ ಸ್ಥಿತಿ ಬೇರೆ; ಕೈ ಪಳಗಲು ಕಾಲ ಹಿಡಿಯುತ್ತದೆ. ಹೊಸಬರು ವಿಎಸ್ ಕೋಡಿನಿಂದ ತೊಡಗುವುದು ಲೇಸು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಪ್ರೋಗ್ರಾಮನ್ನು ನಡೆಸುವುದು ಎಡಿಟರಲ್ಲ. ಸಿ ಭಾಷೆಗೆ ಕಂಪೈಲರು, ಪೈಥಾನಿಗೆ ಇಂಟರ್‌ಪ್ರಿಟರು ಪ್ರತ್ಯೇಕವಾಗಿಯೇ ಇರಬೇಕು. ಗುಂಡಿಯೊತ್ತಿ ಫಲವನ್ನಷ್ಟೇ ಕಂಡ ವಿದ್ಯಾರ್ಥಿಗೆ, ಪರೀಕ್ಷೆಯಲ್ಲೋ ಉದ್ಯೋಗದಲ್ಲೋ ಬೇರೊಂದು ಗಣಕದ ಮುಂದೆ ಕುಳಿತಾಗ ಕೈಕಾಲೇ ಆಡದು. ಪ್ರತಿ ಭಾಷೆಯ ಮೊದಲ ಕೆಲವು ವಾರ ಪದ ತುಂಬುವ ನೆರವನ್ನು ನಿಲ್ಲಿಸಿರಿ. ಟರ್ಮಿನಲಿನಲ್ಲಿ ಆಜ್ಞೆಯನ್ನು ಕೈಯಾರೆ ಬರೆದು ಪ್ರೋಗ್ರಾಮನ್ನು ನಡೆಸಿರಿ. ಸಿ ಭಾಷೆಯಲ್ಲಿ ಹೇಳಿಕೆಯ ಕೊನೆಗೆ ಅರ್ಧವಿರಾಮ ಬಿಟ್ಟರೆ ಕಂಪೈಲರು ಆಕ್ಷೇಪಿಸುತ್ತದೆ. ಪೈಥಾನಿನಲ್ಲಿ ಸಾಲಿನ ಮೊದಲ ತೆರಪು ತಪ್ಪಿದರೆ ಅರ್ಥವೇ ಕೆಡಬಹುದು. ಪಕ್ಕದವನು ಪ್ರತಿಸಲವೂ ವಿಭಕ್ತಿಪ್ರತ್ಯಯವನ್ನು ಉಸುರುತ್ತಿದ್ದರೆ ಯಾರಿಗೂ ವ್ಯಾಕರಣ ಬಾರದು. ಇಲ್ಲಿಯೂ ಹಾಗೆಯೇ.

ಭಾಷೆ ಕೈವಶವಾದ ಮೇಲೆ ನೆರವನ್ನು ಮರಳಿ ಪಡೆಯಿರಿ. ಆಗ ಅದು ನಿಮ್ಮ ಕೆಲಸವನ್ನು ಬೇಗನೆ ಮುಗಿಸಿಕೊಡುತ್ತದೆ. ನಿಮ್ಮ ಕಲಿಕೆಯನ್ನು ಕಸಿಯುವುದಿಲ್ಲ.