ಶಿಬಿರ ಮುಗಿದ ಮೇಲೆ ಬರುವ ಸುದ್ದಿ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಸೇವಾ ಸಂಸ್ಥೆಗಳ ಪದಾಧಿಕಾರಿಗಳ ಮುಂದೆ ಆಡಿದ ಮಾತು)



ನೇತ್ರ ತಪಾಸಣಾ ಶಿಬಿರಗಳ ವರದಿ ನಮ್ಮ ಕೈಸೇರುವುದು ಹೆಚ್ಚಾಗಿ ಶಿಬಿರ ಮುಗಿದ ಮರುದಿನ. ಉದ್ಘಾಟಕರು, ಅಧ್ಯಕ್ಷರು, ಅತಿಥಿಗಳು ಎಲ್ಲರ ಹೆಸರೂ ಅದರಲ್ಲಿರುತ್ತದೆ. ಎಷ್ಟು ಜನ ಕಣ್ಣು ತೋರಿಸಿಕೊಂಡರು ಎಂಬುದು ಇರುವುದಿಲ್ಲ. ಅಂಥದೊಂದು ಸುದ್ದಿಯನ್ನು ಮೊಮ್ಮಗನಿಂದ ಓದಿಸಿ ಕೇಳಿದ ಅಜ್ಜಿಯೊಬ್ಬರು, ಮೊದಲೇ ಗೊತ್ತಾಗಿದ್ದರೆ ತಾನೂ ಹೋಗುತ್ತಿದ್ದೆ ಎಂದು ನನ್ನೆದುರು ಪೇಚಾಡಿದರು.

ರೋಟರಿ 1905ರಲ್ಲಿ, ಲಯನ್ಸ್ 1917ರಲ್ಲಿ ಹುಟ್ಟಿದ್ದು ಅಮೆರಿಕದ ಷಿಕಾಗೋದಲ್ಲಿ. 1985ರಲ್ಲಿ ರೋಟರಿ ಪೋಲಿಯೊ ವಿರುದ್ಧ ಹೊರಟಿತು. ಭಾರತದಲ್ಲಿ 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾದಾಗ ಸರ್ಕಾರದೊಂದಿಗೆ ಅದೂ ಕೈಜೋಡಿಸಿತು. ಹನಿ ಹಾಕುವ ದಿನ ಯಾವುದು, ಮಗುವನ್ನು ಎಲ್ಲಿಗೆ ಕರೆತರಬೇಕು ಎಂಬುದನ್ನು ಊರೂರಿಗೆ ಮುಂಚೆಯೇ ಸಾರಲಾಯಿತು. 2014ರಲ್ಲಿ ದೇಶ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು. ಅಲ್ಲಿ ಪ್ರಚಾರವೂ ಸೇವೆಯೇ ಆಗಿತ್ತು.

ಆದ್ದರಿಂದ ಪ್ರಕಟಣೆಯನ್ನು ಒಂದು ವಾರ ಮೊದಲೇ ಕಳಿಸಿ. ದಿನ, ಸ್ಥಳ, ವೇಳೆ, ತರಬೇಕಾದ ಚೀಟಿ, ಚಿಕಿತ್ಸೆ ಉಚಿತವೇ ಎಂಬುದನ್ನು ಬರೆಯಿರಿ. ಪತ್ರಿಕೆ ತಲುಪದ ಹಳ್ಳಿಗಳಿಗಾಗಿ ಸಂತೆಯಲ್ಲಿ ಮೈಕಿನಲ್ಲಿ ಸಾರಿಸಿ, ಹಾಲಿನ ಡೇರಿ ಗೋಡೆಗೆ ಭಿತ್ತಿಪತ್ರ ಅಂಟಿಸಿ. ಮುಗಿದ ಮೇಲೆ ಎಷ್ಟು ಮಂದಿಗೆ ಶಸ್ತ್ರಚಿಕಿತ್ಸೆಯಾಯಿತೆಂದು ತಿಳಿಸಿ. ಫೋಟೊ ಕಳಿಸುವುದಾದರೆ, ಹಾರ ಹಾಕಿಸಿಕೊಂಡವರ ಬದಲು ಚಿಕಿತ್ಸೆ ಪಡೆದವರು ಒಪ್ಪಿದರೆ ಅವರದನ್ನೇ ಕಳಿಸಿ.