ಬಯಲಿನ ಒಲೆ, ಮಲೆಯ ಕಾಡು

(ಉಗಾರ ಬುದ್ರುಕದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಪಾಠ)



ಕೃಷ್ಣೆಯ ದಡದ ಈ ಊರಿನಲ್ಲಿ ಕಾಡಿನ ಮಾತು ಎತ್ತುವುದು ಮೊದಲ ನೋಟಕ್ಕೆ ಅಸಂಗತವೆನಿಸಬಹುದು. ಉಗಾರ ಬುದ್ರುಕದಿಂದ ಯಾವ ದಿಕ್ಕಿಗೆ ನಡೆದರೂ ಕಣ್ಣಿಗೆ ಬೀಳುವುದು ಕಬ್ಬು. ಬೆಳಗಾವಿ ಜಿಲ್ಲೆಯ ದಟ್ಟ ಅರಣ್ಯವೆಲ್ಲ ಖಾನಾಪುರದ ಕಡೆಗಿದೆ. ಕಾಗವಾಡ, ಅಥಣಿ, ರಾಯಬಾಗಗಳ ಬಯಲಿನಲ್ಲಿ ಹೊಲದ ಬದುವಿನ ಬೇವು, ಹಳ್ಳದ ದಂಡೆಯ ಜಾಲಿ, ಗುಡಿಯ ಮುಂದಿನ ಅರಳಿ, ಇಷ್ಟನ್ನೇ ಕಾಡೆಂದು ಕರೆಯಬೇಕು. ಹೀಗಿದ್ದರೂ ಇಲ್ಲಿ ಪ್ರತಿದಿನ ಒಲೆ ಉರಿಯುತ್ತದೆ. ಕುಳ್ಳು, ಹತ್ತಿಯ ಕಟ್ಟಿಗೆ, ತೊಗರಿಯ ಕಡ್ಡಿ, ಜಾಲಿಯ ಮುಳ್ಳು, ಕಬ್ಬಿನ ರವದಿ, ಯಾವುದು ಸಿಕ್ಕಿತೋ ಅದು ಒಲೆಗೆ ಹೋಗುತ್ತದೆ. ಕಾಡಿಲ್ಲದ ಊರಿನಲ್ಲಿ ಸಗಣಿ ಗೊಬ್ಬರವಾಗುವ ಬದಲು ಬೂದಿಯಾಗುತ್ತದೆ. ಹೊಲಕ್ಕೆ ಸಲ್ಲಬೇಕಾದುದನ್ನು ಒಲೆ ತಿನ್ನುತ್ತದೆ. ಹೊಲದ ಕೊರತೆಯನ್ನು ರಸಗೊಬ್ಬರದ ಚೀಲ ತುಂಬುತ್ತದೆ. ಕಾಡಿನ ಅಭಾವವು ಬಯಲಿನಲ್ಲಿ ತೋರುವುದು ಈ ರೂಪದಲ್ಲಿ.

ಮಲೆಯವರಿಗೂ ಈ ಊರಿಗೂ ಇರುವ ನೇರ ಸಂಬಂಧ ನದಿಯದು. ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆಯನ್ನು ಕರಾಡದಲ್ಲಿ ಕೊಯ್ನಾ ಸೇರುತ್ತದೆ, ಮುಂದೆ ಪಂಚಗಂಗೆ, ಗಡಿಯ ಬಳಿ ದೂಧಗಂಗೆ. ಸಹ್ಯಾದ್ರಿಯ ಕಾಡು ಮಳೆಗಾಲದ ನೀರನ್ನು ಎಷ್ಟು ಹಿಡಿದು ಎಷ್ಟು ನಿಧಾನವಾಗಿ ಬಿಡುತ್ತದೆಯೋ ಅದರ ಮೇಲೆ ಇಲ್ಲಿನ ಬೇಸಿಗೆಯ ನದಿ ನಿಂತಿದೆ. ಆದರೆ ಕೊಯ್ನಾ ಕಣಿವೆಯ ನೀರೆಲ್ಲ ಈ ಕಡೆ ಬರುವುದಿಲ್ಲ. 1960ರ ದಶಕದಲ್ಲಿ ಕಟ್ಟಿದ ಅಣೆಕಟ್ಟಿನಿಂದ ಬಹುಪಾಲು ನೀರು ಬೆಟ್ಟದೊಳಗಿನ ಸುರಂಗಗಳಲ್ಲಿ ಪಶ್ಚಿಮಕ್ಕೆ ಇಳಿದು, ವಿದ್ಯುತ್ತನ್ನು ಕೊಟ್ಟು, ವಾಶಿಷ್ಠಿ ನದಿಯ ಮೂಲಕ ಅರಬ್ಬೀ ಸಮುದ್ರ ಸೇರುತ್ತದೆ. ಬಚಾವತ್ ನ್ಯಾಯಮಂಡಳಿ ಇದಕ್ಕೆ ವರ್ಷಕ್ಕೆ 67.5 ಟಿಎಂಸಿ ಮಿತಿ ಹಾಕಿತು. ಯೋಜನೆಯ ಸಾಮರ್ಥ್ಯ 1,960 ಮೆಗಾವಾಟ್. ಆ ಬೆಳಕು ಮೊದಲು ಮುಟ್ಟಿದ್ದು ದೂರದ ನಗರ ಮತ್ತು ಕಾರ್ಖಾನೆಗಳನ್ನು. ಕಣಿವೆಯಿಂದ ಎದ್ದುಹೋದ ಹಳ್ಳಿಗಳನ್ನಲ್ಲ. ಶರಾವತಿಯಲ್ಲೂ ನಡೆದದ್ದು ಇದೇ. 1964ರಲ್ಲಿ ಲಿಂಗನಮಕ್ಕಿ ತುಂಬಿತು, ನಾಡಿಗೆ ದೀಪ ಬಂತು. ಮುಳುಗಡೆಯಾದ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಮಾತ್ರ ಅರ್ಧ ಶತಮಾನ ದಾಟಿದರೂ ಪೂರ್ತಿ ಬಗೆಹರಿಯಲಿಲ್ಲ. ಮಲೆನಾಡಿನ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈಗ ಬಯಲಿನ ವಿದ್ಯುತ್ತಿಗೆ ಬರೋಣ. ಪಕ್ಕದ ಉಗಾರ ಖುರ್ದದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. (ಬುದ್ರುಕ ಎಂದರೆ ಹಿರಿದು, ಖುರ್ದ ಎಂದರೆ ಕಿರಿದು. ಹೆಸರಿನಲ್ಲಿ ಕಿರಿಯದಾದ ಊರಿಗೆ ಕಾರ್ಖಾನೆಯೂ ರೈಲು ನಿಲ್ದಾಣವೂ ದಕ್ಕಿದವು.) ಒಂದು ಟನ್ ಕಬ್ಬನ್ನು ಅರೆದರೆ ಸುಮಾರು 280ರಿಂದ 300 ಕಿಲೋ ಹಸಿ ಸಿಪ್ಪೆ ಉಳಿಯುತ್ತದೆ. ಹಿಂದೆ ಕಾರ್ಖಾನೆಗಳು ಈ ಸಿಪ್ಪೆಯನ್ನು ಕಡಿಮೆ ಒತ್ತಡದ ಬಾಯ್ಲರುಗಳಲ್ಲಿ ಹೇಗೋ ಉರಿಸಿ ಮುಗಿಸುತ್ತಿದ್ದವು. ಹೆಚ್ಚಿನ ಒತ್ತಡದ ಬಾಯ್ಲರು ಬಂದ ಮೇಲೆ ಅದೇ ಸಿಪ್ಪೆಯಿಂದ ಕಾರ್ಖಾನೆಯ ಅಗತ್ಯ ಕಳೆದು ಮಿಕ್ಕ ವಿದ್ಯುತ್ತನ್ನು ಜಾಲಕ್ಕೆ ಮಾರಲು ಸಾಧ್ಯವಾಯಿತು. ಇದನ್ನು ಸಹವಿದ್ಯುತ್ ಉತ್ಪಾದನೆ ಎನ್ನುತ್ತಾರೆ. ಮರ ಕಡಿಯದೆ, ಕಣಿವೆ ಮುಳುಗಿಸದೆ ದೊರೆಯುವ ವಿದ್ಯುತ್ತು ಎಂಬ ಕಾರಣಕ್ಕೆ ಪರಿಸರವಾದಿಗಳು ಇದನ್ನು ಸ್ವಾಗತಿಸಬೇಕು; ಸ್ವಾಗತಿಸಿಯೂ ಇದ್ದಾರೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಬ್ಬು ಇಲ್ಲಿಯದು, ಕಡಿದವರ ಬೆವರು ಇಲ್ಲಿಯದು, ನೀರು ಇಲ್ಲಿಯದು. ವಿದ್ಯುತ್ತು ಜಾಲಕ್ಕೆ ಹೋಗಿ ಯಾರ ಮನೆ ಸೇರಿತೆಂದು ಯಾರೂ ಹೇಳಲಾರರು. ಕಬ್ಬು ಕಡಿಯಲು ಬಂದ ಗ್ಯಾಂಗಿನ ಹೆಣ್ಣುಮಗಳು ಗುಡಿಸಲ ಮುಂದೆ ಮೂರು ಕಲ್ಲು ಹೂಡಿ, ಅದೇ ಕಬ್ಬಿನ ರವದಿ ಸುಟ್ಟು ರೊಟ್ಟಿ ಬೇಯಿಸುತ್ತಾಳೆ.

ಊರಿನ ಇಂಧನ ಎಂದರೆ ಮೊದಲು ಅಡುಗೆಯ ಇಂಧನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಯ ಇಂಧನವನ್ನು ಅಳೆದು ನೋಡಿತು. ಎ.ಕೆ.ಎನ್. ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳ ಆ ಕೆಲಸ ಎರಡು ಸಂಗತಿಗಳನ್ನು ಬೆಳಕಿಗೆ ತಂದಿತು. ಹಳ್ಳಿಯ ಇಂಧನದ ಬಹುಪಾಲು ಸೌದೆ, ಅದು ಹೋಗುವುದು ಅಡುಗೆಗೆ. ಆ ಸೌದೆಯನ್ನು ಹೆಂಗಸರು, ಮಕ್ಕಳು ಆಯ್ದು ತರುತ್ತಾರೆ. ಅದರಲ್ಲಿ ಹೆಚ್ಚಿನದು ಒಣ ಕಡ್ಡಿ, ಬಿದ್ದ ರೆಂಬೆ. ಎಂದರೆ, ತಲೆಹೊರೆಯ ಹೆಣ್ಣುಮಗಳೇ ಕಾಡು ಹಾಳುಮಾಡಿದಳೆಂಬ ಕಚೇರಿಯ ಮಾತಿಗೆ ಆಧಾರ ತೆಳುವಾಗಿತ್ತು. ಆದರೂ ಆ ಮಾತು ಇನ್ನೂ ಪೂರ್ತಿ ಸತ್ತಿಲ್ಲ. ಚೆಕ್‌ಪೋಸ್ಟಿನಲ್ಲಿ ಹೊರೆ ಇಳಿಸಬೇಕಾದವಳಿಗೆ ಅದು ಗೊತ್ತಿದೆ.

ಕಾಡು ದೊಡ್ಡ ಪ್ರಮಾಣದಲ್ಲಿ ಹೋದದ್ದು ಎಲ್ಲಿಗೆಂಬುದಕ್ಕೆ ಉತ್ತರವನ್ನು ಹಳೆಯ ಧಾರವಾಡ ಜಿಲ್ಲೆಯಲ್ಲೇ ಹುಡುಕಬಹುದು. 1984ರಲ್ಲಿ ಕರ್ನಾಟಕ ಸರ್ಕಾರ ಹಾಗೂ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿದವು. ಸರ್ಕಾರದ ಪಾಲು 51 ಪ್ರತಿಶತ. ಸುಮಾರು 30,000 ಹೆಕ್ಟೇರ್ ‘ಸಿ’ ಮತ್ತು ‘ಡಿ’ ವರ್ಗದ ಜಮೀನನ್ನು ಕಂಪನಿಗೆ ಕೊಟ್ಟು ನೀಲಗಿರಿ ಬೆಳೆಸುವುದು ಉದ್ದೇಶ. ದಾಖಲೆಯಲ್ಲಿ ಅದು ಪಾಳು ಭೂಮಿ. ಊರಿನವರಿಗೆ ಅದು ದನ ಮೇಯುವ, ಪುಳ್ಳೆ ಆಯುವ, ಸೊಪ್ಪು ತರುವ ಗಾಯರಾಣ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರು ಸುಪ್ರೀಂ ಕೋರ್ಟಿನ ಮೊರೆಹೋದರು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ದೊರೆಯಿತು. ಆ ವರ್ಷದ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ಮೆರವಣಿಗೆಯಲ್ಲಿ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತರು, ಆ ಜಾಗದಲ್ಲಿ ಊರಿಗೆ ಬೇಕಾದ ಹಣ್ಣು ಮೇವಿನ ಸಸಿ ನೆಟ್ಟರು. 1991ರಲ್ಲಿ ಕಂಪನಿ ಮುಚ್ಚಿತು.

ಅದಕ್ಕೆ ನಾಲ್ಕು ವರ್ಷ ಮೊದಲೇ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಮರಗಳನ್ನು ಅಪ್ಪಿ ನಿಂತಿದ್ದರು. ಅಪ್ಪಿಕೋ ನಿಂತಿರುವ ಕಾಡನ್ನು ಉಳಿಸುವ ಚಳವಳಿ. ಕುಸನೂರಿನ ಪ್ರಶ್ನೆ ಬೇರೆ: ಕಾಡಿಲ್ಲದಂತೆ ಕಾಣುವ ಭೂಮಿಯಲ್ಲಿ ಏನು ಬೆಳೆಯಬೇಕೆಂದು ನಿರ್ಧರಿಸುವವರು ಯಾರು? ಬಯಲಿನ ಊರುಗಳಿಗೆ ಹತ್ತಿರವಾದದ್ದು ಈ ಎರಡನೆಯದು.

1993ರಲ್ಲಿ ಕರ್ನಾಟಕ ಸರ್ಕಾರ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿತು. ಗ್ರಾಮ ಅರಣ್ಯ ಸಮಿತಿಗಳು ರಚನೆಗೊಂಡವು. ಪಶ್ಚಿಮ ಘಟ್ಟದಲ್ಲಿ ಬ್ರಿಟನ್ನಿನ ನೆರವು, ಪೂರ್ವದ ಬಯಲಿನಲ್ಲಿ ಜಪಾನಿನ ಸಾಲ. ಆದರೆ ಸಮಿತಿಯ ಕಾರ್ಯದರ್ಶಿ ಇಲಾಖೆಯ ಫಾರೆಸ್ಟರ್. ಬ್ಯಾಂಕಿನ ಖಾತೆ ಅಧ್ಯಕ್ಷರ ಮತ್ತು ಅವರ ಜಂಟಿ ಸಹಿಯಲ್ಲಿ. ಉತ್ತರ ಕನ್ನಡದಲ್ಲಿ ನೆಟ್ಟದ್ದು ಹೆಚ್ಚಾಗಿ ಅಕೇಶಿಯಾ. ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ಸೌದೆ ಸಿಕ್ಕಿತು ಎಂಬುದನ್ನು ಅಲ್ಲಗಳೆಯಬಾರದು. ಆದರೆ ತೋಟಕ್ಕೆ ಸೊಪ್ಪು ಸಿಗಲಿಲ್ಲ, ದನಕ್ಕೆ ಮೇವು ಸಿಗಲಿಲ್ಲ. ಯೋಜನೆಯ ಹಣ ನಿಂತ ಮೇಲೆ ಎಷ್ಟೋ ಸಮಿತಿಗಳು ಕಾಗದದ ಮೇಲಷ್ಟೇ ಉಳಿದವು. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇರುವ ಜಿಲ್ಲೆ ಅದು. ಅಲ್ಲಿ ಕೂಡ ಹಲವು ಬೆಟ್ಟಗಳು ಬೋಳಾಗಿವೆ ಎಂಬುದನ್ನು ಮಲೆನಾಡಿನವರು ಒಪ್ಪಿಕೊಳ್ಳಬೇಕು. ಹಕ್ಕು ಇದ್ದಲ್ಲೆಲ್ಲ ಆರೈಕೆ ತಾನಾಗಿ ಬರಲಿಲ್ಲ. ಅಡಿಕೆ ಬೇಯಿಸುವ ಒಲೆಗಳು ನುಂಗಿದ ಸೌದೆಯ ಲೆಕ್ಕವನ್ನು ಯಾರೂ ಇಡಲಿಲ್ಲ.

ಒಲೆಯ ಮಾತು ಬಂದಾಗ ಅಸ್ತ್ರ ಒಲೆಯನ್ನು ನೆನೆಯದೆ ಇರಲಾಗದು. ಮುಚ್ಚಿದ ಉರಿಕೋಣೆ, ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆಕೊಳವೆ. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ಮುಟ್ಟಿದರೆ, ಸರಿಯಾಗಿ ಕಟ್ಟಿದ ಅಸ್ತ್ರ ಒಲೆಯಲ್ಲಿ ಮೂರನೆಯ ಒಂದು ಪಾಲಿನಷ್ಟು ಮುಟ್ಟುತ್ತಿತ್ತು. ‘ಸರಿಯಾಗಿ ಕಟ್ಟಿದ’ ಎಂಬಲ್ಲಿಯೇ ತೊಡಕು. ಅಳತೆ ಒಂದೆರಡು ಬೆರಳು ತಪ್ಪಿದರೆ ಹೊಗೆ ಹಿಂದಕ್ಕೆ ಬರುತ್ತದೆ. ಕೊಳವೆಯ ಮಸಿ ತೆಗೆಯದಿದ್ದರೆ ಉರಿ ಸತ್ತುಹೋಗುತ್ತದೆ. ಗುರಿಯ ಸಂಖ್ಯೆ ಮುಟ್ಟಿಸುವ ಅವಸರದಲ್ಲಿ ಕಟ್ಟಿದ ಒಲೆಗಳನ್ನು ಹೆಂಗಸರು ಸುತ್ತಿಗೆಯಿಂದ ಒಡೆದು ಮತ್ತೆ ಹಳೆಯ ಒಲೆ ಹೂಡಿದರು. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರಲ್ಲಿ ನಿಂತಿತು. 2016ರಲ್ಲಿ ಉಜ್ವಲಾ ಬಂತು, ಸಿಲಿಂಡರು ಅಡುಗೆಮನೆ ಸೇರಿತು. ಆದರೆ ತುಂಬಿಸುವ ದುಡ್ಡು ಕೈಯಲ್ಲಿಲ್ಲದ ತಿಂಗಳು ಸಿಲಿಂಡರಿನ ಪಕ್ಕದಲ್ಲೇ ಕುಳ್ಳು ಉರಿಯುತ್ತದೆ. ಚಹಾಕ್ಕೆ ಗ್ಯಾಸು, ಸ್ನಾನದ ನೀರಿಗೆ ಕಟ್ಟಿಗೆ ಎಂಬ ಹಂಚಿಕೆ ಬಹಳ ಮನೆಗಳಲ್ಲಿದೆ.

ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ಅಲ್ಲಿ ಅಸ್ತ್ರದವರು ಮೊದಲು ಊರಿಗೆಲ್ಲ ಅಡುಗೆ ಅನಿಲ ಕೊಡುವ ಸಗಣಿ ಸ್ಥಾವರ ಕಟ್ಟಲು ಹೊರಟರು. ಇಡೀ ಊರಿನ ಅಡುಗೆಗೆ ಸಾಲುವಷ್ಟು ಸಗಣಿ ಇರಲಿಲ್ಲ. ಅರ್ಧ ಅಡುಗೆ ಬೇಯಿಸುವ ಅನಿಲಕ್ಕೆ ಜನ ಒಲಿಯಲಿಲ್ಲ. ಊರಿಗೆ ತುರ್ತಾಗಿ ಬೇಕಾಗಿದ್ದದ್ದು ಕುಡಿಯುವ ನೀರು. ವಿಜ್ಞಾನಿಗಳು ಯೋಜನೆಯನ್ನೇ ತಿರುಗಿಸಿದರು. 1987ರಿಂದ ಅದೇ ಅನಿಲವು ಎಂಜಿನ್ ನಡೆಸಿತು, ಕೊಳವೆ ಬಾವಿಯ ನೀರು ನಲ್ಲಿಗೆ ಬಂತು, ಮನೆಗಳಿಗೆ ದೀಪ ಬಂತು. ಸಗಣಿ ತಂದವರಿಗೆ ತೂಕದ ಮೇಲೆ ಹಣ, ಬಳಿಕ ಗೊಬ್ಬರವಾದ ರಾಡಿಯೂ ವಾಪಸು. ಹೊಲವೂ ಸೋಲಲಿಲ್ಲ, ದೀಪವೂ ಆರಲಿಲ್ಲ. ಹತ್ತಿರದ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯ ಅನಿಲಕಾರಕ ಬಂತು. ಅದಕ್ಕೆ ಬೇಕಾದ ಮರವನ್ನು ಊರವರೇ ಎರಡು ಹೆಕ್ಟೇರಿನ ಇಂಧನ ವನದಲ್ಲಿ ಬೆಳೆಸಿದರು. ಎರಡೂ ಕೇಂದ್ರಗಳು ಶಾಶ್ವತವಾಗಿ ಉಳಿಯಲಿಲ್ಲ. ಇಂಥ ಯಂತ್ರಕ್ಕೆ ದಿನವೂ ಕೈ ಬೇಕು, ಲೆಕ್ಕ ಬೇಕು, ಜಗಳ ಬಗೆಹರಿಸುವ ಹಿರಿಯರು ಬೇಕು. ವಿಜ್ಞಾನಿಗಳು ಹಿಂದೆ ಸರಿದಾಗ ಆ ಕೆಲಸವನ್ನು ಯಾರು ಹೊರುವರೆಂಬುದು ಆರಂಭದಲ್ಲೇ ತೀರ್ಮಾನವಾಗಬೇಕು.

ಉಗಾರ ಬುದ್ರುಕದಲ್ಲಿ ಕಬ್ಬು ಕಟಾವಾದ ಮೇಲೆ ಎಕರೆಗೆ ಮೂರ್ನಾಲ್ಕು ಟನ್ ರವದಿ ಹೊಲದಲ್ಲಿ ಬೀಳುತ್ತದೆ. ಕುಳೆ ಬೆಳೆಗೆ ಮೊದಲು ಅದಕ್ಕೆ ಬೆಂಕಿ ಇಡುವ ರೂಢಿ. ಸಂಜೆ ನದಿಯ ಆಚೆ ದಡದವರೆಗೂ ಹೊಗೆ ನಿಲ್ಲುತ್ತದೆ. ಮುಚ್ಚಿಗೆಯಾಗಿ ಹಾಸಿದರೆ ಅದು ತೇವ ಹಿಡಿಯುತ್ತದೆ, ಕೊಳೆತು ಮಣ್ಣಾಗುತ್ತದೆ. ಮಿಕ್ಕದ್ದು ಒಲೆಗೋ ಅನಿಲಕಾರಕಕ್ಕೋ ಆಗಬಹುದು. ಎಷ್ಟು ಹೊಲಕ್ಕೆ, ಎಷ್ಟು ಒಲೆಗೆ ಎಂಬುದನ್ನು ಅಂದಾಜಿನಲ್ಲಿ ಹೇಳಲಾಗದು. ಇಲ್ಲಿನ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಉಂಗ್ರದ ದಾರಿಯಲ್ಲೇ ಆರಂಭಿಸಬಹುದು. ಹತ್ತು ಮನೆ, ಒಂದು ತಕ್ಕಡಿ, ಏಳು ದಿನ. ಬೆಳಿಗ್ಗೆ ಒಲೆಗೆ ಮೊದಲು ಇಂಧನವನ್ನು ತೂಗಬೇಕು, ರಾತ್ರಿ ಉಳಿದದ್ದನ್ನು ಮತ್ತೆ ತೂಗಬೇಕು. ತಂದವರು ಯಾರು, ಎಷ್ಟು ದೂರದಿಂದ, ಎಷ್ಟು ಹೊತ್ತಿನಲ್ಲಿ ಎಂದು ಬರೆದಿಡಬೇಕು. ಕಬ್ಬು ಕಡಿಯುವವರ ಗುಡಿಸಲುಗಳಲ್ಲಿ ಎರಡಾದರೂ ಆ ಹತ್ತರಲ್ಲಿ ಸೇರಿರಬೇಕು. ಹಸಿ ರವದಿಯನ್ನು ಮೊದಲು ಬಿಸಿಲಿಗೆ ಒಣಗಿಸಿ ಆಮೇಲೆ ತಕ್ಕಡಿಗೆ ಹಾಕಬೇಕು, ಇಲ್ಲವಾದರೆ ನೀರಿನ ತೂಕವೇ ಲೆಕ್ಕಕ್ಕೆ ಬರುತ್ತದೆ.