ಪುರಸಭೆಯಿಂದ ರಾಷ್ಟ್ರಪತಿ ಭವನದವರೆಗೆ: ಬಿ.ಡಿ. ಜತ್ತಿ

ಭಾರತದ ರಾಷ್ಟ್ರಪತಿ ಹುದ್ದೆಯ ಹೊಣೆಯನ್ನು ಹಂಗಾಮಿಯಾಗಿ ಹೊತ್ತ ಕನ್ನಡಿಗ ಬಸಪ್ಪ ದಾನಪ್ಪ ಜತ್ತಿ. ಅವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ. ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಗೆ ಮರಳಿ ಕೆಲಕಾಲ ವಕೀಲಿ ಮಾಡಿದರು. 1940ರಲ್ಲಿ ಅಲ್ಲಿನ ಪುರಸಭೆಯ ಸದಸ್ಯರಾದರು, ಮುಂದೆ ಅಧ್ಯಕ್ಷರಾದರು. ಊರಿನ ಆಡಳಿತವೇ ಅವರ ರಾಜಕೀಯದ ಮೊದಲ ಪಾಠಶಾಲೆ.

ಜಮಖಂಡಿ ಆಗ ಪಟವರ್ಧನ ಮನೆತನದ ಸಂಸ್ಥಾನ. ಜತ್ತಿಯವರು ಅದರ ಮಂತ್ರಿಯಾಗಿ, ಬಳಿಕ ಮುಖ್ಯಮಂತ್ರಿಯಾಗಿ ಕೆಲಸ ಮಾಡಿದರು. 1948ರ ಮಾರ್ಚ್‌ನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇನ್ನೊಂದೆಡೆ, ಹೈದರಾಬಾದ್ ಸಂಸ್ಥಾನದಲ್ಲಿದ್ದ ರಾಯಚೂರು, ಮಾನ್ವಿ, ದೇವದುರ್ಗಗಳು ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಹೀಗೆ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡು 1956ರ ನವೆಂಬರ್ 1ರಂದು ಮೈಸೂರು ರಾಜ್ಯವಾಗಿ ಒಂದಾಯಿತು. ಅಷ್ಟರಲ್ಲಿ ಜತ್ತಿಯವರು ಮುಂಬಯಿಯಲ್ಲಿ ಮೊರಾರ್ಜಿ ದೇಸಾಯಿ ಸಂಪುಟದ ಉಪಮಂತ್ರಿಯಾಗಿ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳಲ್ಲಿ ಅನುಭವ ಪಡೆದಿದ್ದರು.

ನಾಡು ಒಂದಾದರೂ ಭೂಮಿಯ ಕಾನೂನು ಒಂದಾಗಿರಲಿಲ್ಲ. ಜಮಖಂಡಿಯ ಕಡೆ ಮುಂಬಯಿಯ ಗೇಣಿ ಕಾನೂನಿತ್ತು, ರಾಯಚೂರಿನ ಕಡೆ 1950ರ ಹೈದರಾಬಾದ್ ಗೇಣಿ ಕಾನೂನಿತ್ತು. ಮಾನ್ವಿಯ ರೈತನಿಗೂ ಮಂಡ್ಯದ ರೈತನಿಗೂ ಒಂದೇ ನ್ಯಾಯ ಸಿಗಬೇಕಾದರೆ ಒಂದೇ ಕಾನೂನು ಬೇಕಿತ್ತು. ಅದಕ್ಕಾಗಿ ನೇಮಕವಾದ ಭೂಸುಧಾರಣಾ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. 1958ರ ಮೇ 16ರಂದು ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಅವರ ಕಾಲದಲ್ಲಿ ಬಂದ 1959ರ ಕಾನೂನು ಗ್ರಾಮ ಪಂಚಾಯ್ತಿ ಮತ್ತು ತಾಲ್ಲೂಕು ಬೋರ್ಡುಗಳಿಗೆ ರಾಜ್ಯದಾದ್ಯಂತ ಒಂದೇ ರೂಪ ಕೊಟ್ಟಿತು. 1961ರಲ್ಲಿ ಭೂಸುಧಾರಣಾ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ನೀಡಿತು. ಸ್ವಂತ ಸಾಗುವಳಿಯ ಹೆಸರಿನಲ್ಲಿ ಗೇಣಿ ಭೂಮಿಯನ್ನು ಮರಳಿ ಪಡೆಯಲು ಒಡೆಯರಿಗೆ ಅದು ಅವಕಾಶ ಉಳಿಸಿತ್ತು. 1965ರ ಅಕ್ಟೋಬರ್ 2ರಂದು ಜಾರಿಗೆ ಬಂದ ಈ ಕಾನೂನಿನ ತಳಹದಿಯ ಮೇಲೆಯೇ 1974ರಲ್ಲಿ ಆಗಿನ ಮುಖ್ಯಮಂತ್ರಿ ದೇವರಾಜ ಅರಸರ ತಿದ್ದುಪಡಿ ಬಂತು, ಉಳುವವನಿಗೆ ಒಡೆತನ ಸಿಕ್ಕಿತು.

1962ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟ ಜತ್ತಿಯವರು ಮುಂದೆ ನಿಜಲಿಂಗಪ್ಪನವರ ಸಂಪುಟದಲ್ಲಿ ಹಣಕಾಸು ಸಚಿವರಾಗಿ ದುಡಿದರು. ಹಿರಿಯ ಹುದ್ದೆಯಿಂದ ಇಳಿದವನು ಮತ್ತೊಂದು ಹೊಣೆ ಹೊರಲು ಹಿಂಜರಿಯಬಾರದು ಎಂಬುದಕ್ಕೆ ಅವರ ನಡೆ ಸಾಕ್ಷಿ. 1968ರಿಂದ ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್, 1972ರಿಂದ ಒಡಿಶಾದ ರಾಜ್ಯಪಾಲ, 1974ರಿಂದ ಉಪರಾಷ್ಟ್ರಪತಿ.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಲೋಕಸಭೆ ಚುನಾವಣೆ ಎದುರಿಗಿದ್ದ ಆ ಹೊತ್ತಿನಲ್ಲಿ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು. ಮುಂಬಯಿಯಲ್ಲಿ ಒಮ್ಮೆ ತಮ್ಮ ಮುಖ್ಯಮಂತ್ರಿಯಾಗಿದ್ದ ಮೊರಾರ್ಜಿಯವರಿಗೆ ಮಾರ್ಚ್ 24ರಂದು ಜತ್ತಿಯವರೇ ಪ್ರಧಾನಿಯ ಪ್ರಮಾಣವಚನ ಬೋಧಿಸಿದರು.

ಏಪ್ರಿಲ್‌ನಲ್ಲಿ ಕಠಿಣ ಪರೀಕ್ಷೆ ಎದುರಾಯಿತು. ಕಾಂಗ್ರೆಸ್ ಆಡಳಿತವಿದ್ದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊಸ ಸರ್ಕಾರ ಸಲಹೆ ನೀಡಿತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ಇದರಿಂದ ಟೀಕೆಗೂ ಗುರಿಯಾದರು. ಆದರೆ ಏಪ್ರಿಲ್ 30ರಂದು ಸಂಪುಟದ ಸಲಹೆಗೆ ಒಪ್ಪಿ ಸಹಿ ಮಾಡಿದರು. ಜನ ಆರಿಸಿದ ಸರ್ಕಾರದ ಮಾತೇ ಕೊನೆಯದು, ರಾಷ್ಟ್ರಪತಿಯ ಸ್ವಂತ ಒಲವು ಅದಕ್ಕೆ ಅಡ್ಡಬರಬಾರದು. ಸಂವಿಧಾನದ ಈ ಮಿತಿಯನ್ನು ಅವರು ದಾಟಲಿಲ್ಲ. ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರಿಗೆ ಹುದ್ದೆ ಒಪ್ಪಿಸಿ, 1979ರವರೆಗೆ ಉಪರಾಷ್ಟ್ರಪತಿಯಾಗಿ ಉಳಿದರು.

ಅಧಿಕಾರದ ಆಚೆಗೆ ಅವರು ಕಟ್ಟಿದ ಸಂಸ್ಥೆ 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಸವ ಸಮಿತಿ. ಶರಣರ ವಚನಗಳ ಪ್ರಕಟಣೆ ಮತ್ತು ಪ್ರಸಾರ ಅದರ ಕೆಲಸ. 2002ರ ಜೂನ್ 7ರಂದು ಜತ್ತಿಯವರು ಬೆಂಗಳೂರಿನಲ್ಲಿ ನಿಧನರಾದರು. ಪಂಚಾಯ್ತಿ, ಪುರಸಭೆಗಳಲ್ಲಿ ಇಂದು ಕೆಲಸ ಕಲಿಯುತ್ತಿರುವ ಯಾವುದೇ ಊರಿನ ಸದಸ್ಯರಿಗೆ ಅವರ ಬದುಕು ಹೇಳುವುದಿಷ್ಟು: ಚಿಕ್ಕ ಹುದ್ದೆಯನ್ನು ಶ್ರದ್ಧೆಯಿಂದ ನಡೆಸಬೇಕು, ದೊಡ್ಡ ಹುದ್ದೆಯಲ್ಲಿ ಮಿತಿ ಅರಿತು ನಡೆಯಬೇಕು.